ತಂತಿಯಿಲ್ಲದ ವಾರ್ತೆಯ ಆಚಾರ್ಯ: ಜಗದೀಶಚಂದ್ರ ಬೋಸ್

ಶ್ರಾವಣ ಮಾಸದಲ್ಲಿ ನಮ್ಮ ಉರುಕುಂದದ ಈರಣ್ಣಸ್ವಾಮಿಯ ದರ್ಶನಕ್ಕೆ ಬರುವ ಜನಸಾಗರವನ್ನು ಕಾಣದ ಮಗು ನಮ್ಮ ಶಾಲೆಯಲ್ಲಿ ಇಲ್ಲ. ಆದೋನಿ, ಮಂತ್ರಾಲಯದ ಕಡೆಯಿಂದಲೂ, ಗಡಿಯಾಚೆಯ ರಾಯಚೂರು, ಬಳ್ಳಾರಿ ಸೀಮೆಯಿಂದಲೂ ಭಕ್ತರು ಬರುತ್ತಾರೆ. ಒಂದು ಕಿವಿಗೆ ಕನ್ನಡ, ಇನ್ನೊಂದು ಕಿವಿಗೆ ತೆಲುಗು ಕೇಳಿಸುತ್ತದೆ. ಹಿಂದೆಲ್ಲ ಆ ಗುಂಪಿನಲ್ಲಿ ಮಗು ಕೈತಪ್ಪಿದರೆ ಧ್ವನಿವರ್ಧಕದಲ್ಲಿ ಹೆಸರು ಕೂಗಿಸಿ, ಕಣ್ಣೀರು ಒರೆಸಿಕೊಳ್ಳುತ್ತ ಕಾಯುವುದೇ ದಾರಿಯಾಗಿತ್ತು. ಈಗ ಅಪ್ಪ ದೇವಸ್ಥಾನದ ಮುಂದೆ ನಿಂತು, ಅಮ್ಮ ಬಸ್ಸಿನ ಹತ್ತಿರ ನಿಂತು ಜೇಬಿನ ಫೋನಿನಲ್ಲೇ ಮಾತಾಡಿಕೊಳ್ಳುತ್ತಾರೆ. ಇಬ್ಬರ ಫೋನಿಗೂ ಗೋಪುರಕ್ಕೂ ನಡುವೆ ಒಂದು ದಾರದ ಎಳೆಯೂ ಇಲ್ಲ. ಮಾತು ಗಾಳಿಯಲ್ಲಿ ಹಾರಿ ಹೋಯಿತೆಂದು ಹಿರಿಯರು ಬೆರಗಾಗುತ್ತಾರೆ. ಮಕ್ಕಳಿಗೆ ಬೆರಗೂ ಉಳಿದಿಲ್ಲ.

ಈ ತಂತಿಯಿಲ್ಲದ ವಾರ್ತೆಯನ್ನು ಕಂಡುಹಿಡಿದವರು ಯಾರೆಂದು ತರಗತಿಯಲ್ಲಿ ಕೇಳಿದರೆ ಮಕ್ಕಳು ಮಾರ್ಕೋನಿಯ ಹೆಸರು ಹೇಳುತ್ತಾರೆ. ಉತ್ತರ ತಪ್ಪೇನಲ್ಲ; ಆದರೆ ಪೂರ್ತಿಯೂ ಅಲ್ಲ. ಆ ಕಥೆಯಲ್ಲಿ ನಮ್ಮ ದೇಶದವರೊಬ್ಬರು ದೊಡ್ಡ ಪಾಲುದಾರರು. ಅವರು ತಮ್ಮ ಪಾಲನ್ನು ಕೇಳಲಿಲ್ಲ. ಏಕೆ ಕೇಳಲಿಲ್ಲ, ಕೇಳದೆ ಬಿಟ್ಟದ್ದು ಸರಿಯೇ ಎಂಬ ಪ್ರಶ್ನೆ ನಮ್ಮನ್ನು ಬಹಳ ದಿನಗಳಿಂದ ಕಾಡಿದೆ. ಆದುದರಿಂದ ಈ ವರ್ಷದ ಸಂಚಿಕೆಯಲ್ಲಿ ಆಚಾರ್ಯ ಜಗದೀಶಚಂದ್ರ ಬೋಸರ ಜೀವನವನ್ನು ನಮ್ಮ ಮಕ್ಕಳ ಮುಂದೆ, ಅವರ ತಂದೆತಾಯಿಗಳ ಮುಂದೆ ಇಡುತ್ತಿದ್ದೇವೆ.

ಜಗದೀಶಚಂದ್ರರು 1858ನೆಯ ನವೆಂಬರ್ 30ರಂದು ಇಂದಿನ ಬಾಂಗ್ಲಾದೇಶದಲ್ಲಿರುವ ಮೈಮೆನ್‌ಸಿಂಗ್‌ನಲ್ಲಿ ಜನಿಸಿದರು. ತಂದೆ ಭಗವಾನಚಂದ್ರರು ಮೊದಲು ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದು, ಆಮೇಲೆ ಸರ್ಕಾರದ ಡೆಪ್ಯುಟಿ ಮ್ಯಾಜಿಸ್ಟ್ರೇಟರಾದರು. ಆ ಕಾಲದಲ್ಲಿ ಅಂತಹ ಅಧಿಕಾರಿಗಳ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುವುದು ರೂಢಿ. ಫರೀದ್‌ಪುರದಲ್ಲಿ ಭಗವಾನಚಂದ್ರರ ಕೈಕೆಳಗಿನ ನೌಕರರೇ ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳುಹಿಸುತ್ತಿದ್ದರೆ, ಅವರು ಮಗನನ್ನು ಬಂಗಾಳಿ ಪಾಠಶಾಲೆಗೆ ಸೇರಿಸಿದರು. ಮಗು ಮೊದಲು ತನ್ನ ಮಾತನ್ನು, ತನ್ನ ಜನರನ್ನು ಅರಿಯಬೇಕು, ಪರಭಾಷೆ ಆಮೇಲೆ ಬರಲಿ ಎಂಬುದು ಅವರ ನಿಲುವಾಗಿತ್ತು.

ಆ ಪಾಠಶಾಲೆಯಲ್ಲಿ ಬಾಲಕನ ಒಂದು ಪಕ್ಕದಲ್ಲಿ ತಂದೆಯ ಮುಸಲ್ಮಾನ ಜವಾನನ ಮಗ, ಇನ್ನೊಂದು ಪಕ್ಕದಲ್ಲಿ ಬೆಸ್ತರ ಹುಡುಗ ಕುಳಿತುಕೊಳ್ಳುತ್ತಿದ್ದರು. ಹೊಳೆಯ ಮೀನು, ಗಿಡದ ಹಕ್ಕಿ, ಕಾಡಿನ ಪ್ರಾಣಿಗಳ ಕಥೆಗಳನ್ನು ಅವನು ಕಲಿತದ್ದು ಆ ಗೆಳೆಯರ ಬಾಯಿಂದ. ಶಾಲೆ ಬಿಟ್ಟ ಮೇಲೆ ಗೆಳೆಯರೊಡನೆ ಮನೆಗೆ ಬಂದರೆ, ತಾಯಿ ಬಾಮಸುಂದರಿಯವರು ಜಾತಿಭೇದ ಎಣಿಸದೆ ಎಲ್ಲರಿಗೂ ಒಂದೇ ರೀತಿ ಉಣಬಡಿಸುತ್ತಿದ್ದರು. ಮಗುವನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಡುತ್ತಿದ್ದವನು ಹಿಂದೆ ಒಬ್ಬ ದರೋಡೆಕೋರ! ಭಗವಾನಚಂದ್ರರೇ ಅವನಿಗೆ ಸೆರೆವಾಸ ವಿಧಿಸಿದ್ದರು. ಶಿಕ್ಷೆ ಮುಗಿಸಿ ಬಂದವನಿಗೆ ಯಾರೂ ಕೆಲಸ ಕೊಡದಿದ್ದಾಗ, ತಮ್ಮ ಮನೆಯಲ್ಲೇ ಕೆಲಸ ಕೊಟ್ಟು ಮಗನನ್ನೇ ಅವನ ಕೈಗೆ ಒಪ್ಪಿಸಿದರು. ಅಂತಹ ಮನೆಯಲ್ಲಿ ಬೆಳೆದ ಮಗು ಮುಂದೆ ಯಾರಿಗೂ ತಲೆಬಾಗದೆ, ಯಾರನ್ನೂ ಕೀಳಾಗಿ ಕಾಣದೆ ಬಾಳಿತೆಂದರೆ ಆಶ್ಚರ್ಯವಿಲ್ಲ.

ಮುಂದೆ ಓದಿಗಾಗಿ ಕಲ್ಕತ್ತೆಗೆ ಹೋದರು. ಹೇರ್ ಶಾಲೆಯ ನಂತರ ಸೇಂಟ್ ಝೇವಿಯರ್ ಶಾಲೆ. ಅಲ್ಲಿ ಇಂಗ್ಲಿಷ್ ಮನೆಮಾತಾಗಿದ್ದ ಹುಡುಗರ ನಡುವೆ ಹಳ್ಳಿಯಿಂದ ಬಂದ ಬಂಗಾಳಿ ಹುಡುಗ ಒಂಟಿಯಾದ. ಹಾಸ್ಯಕ್ಕೂ ಗುರಿಯಾದ. ಈ ಕಷ್ಟವನ್ನು ನಾವು ಮುಚ್ಚಿಡುವುದಿಲ್ಲ. ನಮ್ಮ ಶಾಲೆಯಿಂದ ಪಟ್ಟಣದ ಕಾಲೇಜಿಗೆ ಹೋದ ಮಕ್ಕಳು ಬಂದು ಹೇಳುವ ಕಷ್ಟವೂ ಇದೇ. ಜಗದೀಶಚಂದ್ರರು ಅದನ್ನು ಸಹಿಸಿ ನಿಂತರು. ಕಾಲೇಜಿನಲ್ಲಿ ಫಾದರ್ ಲಾಫೋಂ ಎಂಬ ಗುರುಗಳು ಪ್ರಯೋಗ ಮಾಡಿ ತೋರಿಸಿ ಪಾಠ ಹೇಳುತ್ತಿದ್ದರು. ಭೌತಶಾಸ್ತ್ರದ ರುಚಿ ಹತ್ತಿದ್ದು ಅಲ್ಲಿ.

ಪದವಿ ಮುಗಿದಾಗ ಐ.ಸಿ.ಎಸ್. ಪರೀಕ್ಷೆಗೆ ಹೋಗುವ ಆಸೆ ಮಗನಿಗಿತ್ತು. ಮಗ ಜನರ ಮೇಲೆ ಅಧಿಕಾರ ನಡೆಸುವವನಾಗುವುದು ತಂದೆಗೆ ಬೇಡವಾಗಿತ್ತು. ಕಡೆಗೆ ವೈದ್ಯವಿದ್ಯೆ ಕಲಿಯಲು 1880ರಲ್ಲಿ ಇಂಗ್ಲೆಂಡಿಗೆ ಹೊರಟರು. ಮೈಯಲ್ಲಿ ಹಳೆಯ ಜ್ವರ ಮನೆಮಾಡಿತ್ತು. ಅದು ಮತ್ತೆ ಮತ್ತೆ ಕಾಡಿದ್ದರಿಂದ ವೈದ್ಯಶಿಕ್ಷಣ ನಿಂತಿತು. ಆಮೇಲೆ ಕೇಂಬ್ರಿಜಿನ ಕ್ರೈಸ್ಟ್ಸ್ ಕಾಲೇಜಿಗೆ ಸೇರಿ ಪ್ರಕೃತಿ ವಿಜ್ಞಾನಗಳನ್ನು ಓದಿದರು. ಪ್ರಸಿದ್ಧ ವಿಜ್ಞಾನಿ ಲಾರ್ಡ್ ರ‍್ಯಾಲೆಯವರು ಅವರ ಗುರುಗಳಲ್ಲೊಬ್ಬರು. 1884ರಲ್ಲಿ ಕೇಂಬ್ರಿಜ್ ಮತ್ತು ಲಂಡನ್ ವಿಶ್ವವಿದ್ಯಾಲಯಗಳ ಪದವಿಗಳನ್ನು ಪಡೆದರು.

1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಆಗಿನ ಪದ್ಧತಿಯೇ ಬೇರೆ. ಯುರೋಪಿಯನ್ ಅಧ್ಯಾಪಕರಿಗೆ ಕೊಡುವ ಸಂಬಳದ ಮೂರರಲ್ಲಿ ಎರಡು ಪಾಲು ಮಾತ್ರ ಭಾರತೀಯರಿಗೆ. ಬೋಸರದು ಹಂಗಾಮಿ ನೇಮಕವಾದ್ದರಿಂದ ಅದರಲ್ಲೂ ಅರ್ಧ. ಅಂದರೆ ಒಂದೇ ಪಾಠ, ಒಂದೇ ತರಗತಿ, ಆದರೆ ಸಂಬಳ ಮೂರನೆಯ ಒಂದು ಪಾಲು. ಬೋಸರು ಕೂಗಾಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ಆ ಸಂಬಳವನ್ನು ಮುಟ್ಟದೆ ಪಾಠ ಹೇಳುತ್ತಾ ಹೋದರು. ಹೀಗೆ ಮೂರು ವರ್ಷ! ಮನೆಯಲ್ಲಿ ಅನುಕೂಲವಿದ್ದು ಹೀಗೆ ಮಾಡಿದರೆಂದು ತಿಳಿಯಬಾರದು. ಜನರಿಗೆ ಉಪಕಾರವಾಗಲೆಂದು ತಂದೆ ಕೈಗೊಂಡ ಉದ್ಯಮಗಳು ಮುಳುಗಿ, ತಲೆಯ ಮೇಲೆ ಸಾಲವಿತ್ತು. 1887ರಲ್ಲಿ ಮದರಾಸಿನಲ್ಲಿ ವೈದ್ಯವಿದ್ಯೆ ಓದುತ್ತಿದ್ದ ಅಬಲಾ ದಾಸ್ ಅವರೊಡನೆ ವಿವಾಹವಾಯಿತು. ಸಂಬಳವಿಲ್ಲದ ಆ ಸಂಸಾರವನ್ನು ಅಬಲಾದೇವಿಯವರು ತೂಗಿಸಿದರು. ಕೊನೆಗೆ ಕಾಲೇಜಿನವರೇ ಸೋತು, ಪೂರ್ತಿ ಸಂಬಳವನ್ನು ಹಿಂದಿನ ವರ್ಷಗಳದೂ ಸೇರಿಸಿ ಒಟ್ಟಿಗೆ ಕೊಟ್ಟರು. ಆ ಹಣ ತಂದೆಯ ಸಾಲ ತೀರಿಸಲು ಹೋಯಿತು.

1894ರ ನವೆಂಬರ್ 30ರಂದು ಬೋಸರಿಗೆ 36 ವರ್ಷ ತುಂಬಿತು. ಇನ್ನು ಮುಂದೆ ಬಾಳನ್ನು ಸಂಶೋಧನೆಗೆ ಮೀಸಲಿಡುವೆನೆಂದು ಅಂದು ಸಂಕಲ್ಪ ಮಾಡಿದರು. ಸಂಕಲ್ಪವೇನೋ ದೊಡ್ಡದು, ಪ್ರಯೋಗಶಾಲೆ ಎಲ್ಲಿ? ಕಾಲೇಜಿನಲ್ಲಿ ಸ್ನಾನದ ಮನೆಗೆ ಅಂಟಿಕೊಂಡಿದ್ದ ಒಂದು ಪುಟ್ಟ ಕೋಣೆ ಸಿಕ್ಕಿತು. ಉಪಕರಣಗಳನ್ನು ಮಾಡಿಕೊಡಲು ಊರಿನ ಒಬ್ಬ ತಗಡಿನ ಕೆಲಸಗಾರ ಸಿಕ್ಕಿದ. ಹಗಲಿಡೀ ಪಾಠ, ಉಳಿದ ಹೊತ್ತಿನಲ್ಲಿ ಸಂಶೋಧನೆ.

ಇಲ್ಲಿ ಮಕ್ಕಳಿಗೆ ಸ್ವಲ್ಪ ವಿಜ್ಞಾನ ಹೇಳಬೇಕು. ಕೆರೆಗೆ ಕಲ್ಲು ಎಸೆದರೆ ಅಲೆಗಳು ಏಳುತ್ತವಲ್ಲವೇ? ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಗಿರುವ ದೂರವೇ ಅಲೆಯ ಉದ್ದ. ಬೆಳಕೂ ಒಂದು ಬಗೆಯ ವಿದ್ಯುತ್ಕಾಂತೀಯ ಅಲೆ, ಕಣ್ಣಿಗೆ ಕಾಣದ ಇನ್ನೂ ಉದ್ದದ ಅಲೆಗಳು ಇರಬೇಕು ಎಂದು ಮ್ಯಾಕ್ಸ್‌ವೆಲ್ ಎಂಬ ವಿಜ್ಞಾನಿ 1860ರ ದಶಕದಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ಜರ್ಮನಿಯ ಹರ್ಟ್ಸ್ 1887–88ರಲ್ಲಿ ಅಂತಹ ಅಲೆಗಳನ್ನು ಪ್ರಯೋಗದಿಂದ ಹುಟ್ಟಿಸಿದರು. ಅವರ ಅಲೆಗಳು ಹತ್ತಾರು ಅಂಗುಲಗಳಿಂದ ಹಲವು ಗಜಗಳವರೆಗೆ ಉದ್ದವಿದ್ದವು. ಅವು ಬೆಳಕಿನಂತೆಯೇ ಬಾಗುತ್ತವೆ, ಪ್ರತಿಫಲಿಸುತ್ತವೆ ಎಂದು ಪರೀಕ್ಷಿಸಬೇಕಾದರೆ ದೊಡ್ಡ ದೊಡ್ಡ ಉಪಕರಣಗಳು ಬೇಕಾಗುತ್ತಿದ್ದವು. ಬೋಸರ ಕೋಣೆಯಲ್ಲಿ ಅದಕ್ಕೆ ಸ್ಥಳವೆಲ್ಲಿ? ಅವರು ಅಲೆಯನ್ನೇ ಕಿರಿದು ಮಾಡಿದರು. 5 ಮಿಲಿಮೀಟರಿನಿಂದ 25 ಮಿಲಿಮೀಟರ್ ಉದ್ದದ ಅಲೆಗಳನ್ನು ಹುಟ್ಟಿಸಿ, ಮೇಜಿನ ಮೇಲೆ ಇಡಬಹುದಾದ ಉಪಕರಣಗಳಿಂದ ಅವುಗಳ ಗುಣಗಳನ್ನು ಅಳೆದರು. ಅಲೆಯನ್ನು ಹಿಡಿಯಲು ತುತ್ತೂರಿಯ ಬಾಯಂತಹ ಲೋಹದ ಕೊಳವೆ, ಅದನ್ನು ಸಾಗಿಸಲು ಟೊಳ್ಳಾದ ನಳಿಗೆ, ಇವೆಲ್ಲ ಅವರ ಕೋಣೆಯಲ್ಲಿ ಆಗಲೇ ಇದ್ದವು.

ಕಿಟಕಿಯ ಉದ್ದಕಂಬಿಗಳ ನಡುವೆ ಹಗ್ಗ ತೂರಿಸಿ ಮೇಲೆ ಕೆಳಗೆ ಅಲ್ಲಾಡಿಸಿದರೆ ಅಲೆ ದಾಟುತ್ತದೆ. ಎಡ ಬಲಕ್ಕೆ ಅಲ್ಲಾಡಿಸಿದರೆ ಕಂಬಿಗೆ ಬಡಿದು ನಿಲ್ಲುತ್ತದೆ. ಹೀಗೆ ಒಂದು ದಿಕ್ಕಿನ ಕಂಪನವನ್ನು ಮಾತ್ರ ಬಿಡುವುದಕ್ಕೆ ಧ್ರುವೀಕರಣವೆಂದು ಹೆಸರು. ಅದೃಶ್ಯ ಅಲೆಗೆ ಇದನ್ನು ಮಾಡಿ ತೋರಿಸಲು ಬೋಸರು ಏನು ಬಳಸಿದರು ಗೊತ್ತೇ? ರೈಲ್ವೆ ವೇಳಾಪಟ್ಟಿಯ ಒಂದು ದಪ್ಪ ಪುಸ್ತಕ; ಅದರ ಹಾಳೆಗಳ ನಡುವೆ ತವರದ ತೆಳುಹಾಳೆಗಳು. ಇನ್ನೊಂದು ಪ್ರಯೋಗಕ್ಕೆ ಹುರಿಮಾಡಿದ ಸೆಣಬಿನ ಕಟ್ಟು ಸಾಕಾಯಿತು. ಬಂಗಾಳದ ಹೊಲದಲ್ಲಿ ಬೆಳೆದ ಸೆಣಬು ವಿಜ್ಞಾನದ ಉಪಕರಣವಾಯಿತು. ನಮ್ಮ ಶಾಲೆಯ ಪ್ರಯೋಗಶಾಲೆ ಸಣ್ಣದೆಂದು ಕೊರಗುವ ಮಕ್ಕಳು ಈ ಮಾತನ್ನು ನೆನಪಿಡಬೇಕು.

1895ರಲ್ಲಿ ಕಲ್ಕತ್ತೆಯ ಟೌನ್ ಹಾಲಿನಲ್ಲಿ ಜನರೆದುರು ಪ್ರಯೋಗ ನಡೆಯಿತು. ಒಂದು ಕಡೆ ಅಲೆ ಹುಟ್ಟಿಸುವ ಯಂತ್ರ, ಸುಮಾರು 75 ಅಡಿ ದೂರದಲ್ಲಿ ಅದನ್ನು ಹಿಡಿಯುವ ಯಂತ್ರ. ನಡುವೆ ಗೋಡೆಗಳು, ಬಂಗಾಳದ ಲೆಫ್ಟಿನೆಂಟ್ ಗವರ್ನರರ ಸ್ಥೂಲ ದೇಹವೂ ಅಡ್ಡ! ಬೋಸರು ಗುಂಡಿ ಒತ್ತಿದರು. ಆಚೆಯ ಕೋಣೆಯಲ್ಲಿ ಗಂಟೆ ಬಾರಿಸಿತು, ಮದ್ದು ಸಿಡಿಯಿತು. ತಂತಿಯಿಲ್ಲದೆ ಅಪ್ಪಣೆ ಗೋಡೆ ದಾಟಿತ್ತು. 1896ರಲ್ಲಿ ಲಂಡನ್ ವಿಶ್ವವಿದ್ಯಾಲಯ ಅವರಿಗೆ ಡಿ.ಎಸ್‌ಸಿ. ಪದವಿ ಕೊಟ್ಟಿತು. 1897ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಹಾ ವಿಜ್ಞಾನಿಗಳ ಮುಂದೆ ತಮ್ಮ ಉಪಕರಣಗಳನ್ನು ಬಿಚ್ಚಿ ತೋರಿಸಿದರು. ಯಾವುದನ್ನೂ ಗುಟ್ಟಾಗಿ ಇಡಲಿಲ್ಲ.

ಅದೇ ವೇಳೆಗೆ ಇಟಲಿಯ ತರುಣ ಮಾರ್ಕೋನಿ 1896ರಲ್ಲಿ, ತಮ್ಮ 22ನೆಯ ವಯಸ್ಸಿನಲ್ಲಿ, ಇಂಗ್ಲೆಂಡಿನಲ್ಲಿ ನಿಸ್ತಂತು ತಂತ್ರಕ್ಕೆ ಪೇಟೆಂಟು ಬೇಡಿದ್ದರು. ಪೇಟೆಂಟು ಎಂದರೇನು? ಹೊಲಕ್ಕೆ ಪಟ್ಟಾ ಇದ್ದಂತೆ ಹೊಸ ಯಂತ್ರಕ್ಕೆ ಅದು ಹಕ್ಕುಪತ್ರ. ಆದರೆ ಒಂದು ವ್ಯತ್ಯಾಸವಿದೆ. ಹೊಲದ ಹಕ್ಕು ಮಕ್ಕಳು ಮೊಮ್ಮಕ್ಕಳಿಗೆ ಹೋಗುತ್ತದೆ. ಪೇಟೆಂಟಿನ ಹಕ್ಕು ಕೆಲವೇ ವರ್ಷ. ಆ ಹಕ್ಕಿಗೆ ಪ್ರತಿಯಾಗಿ ಯಂತ್ರದ ರಹಸ್ಯವನ್ನು ಬರೆದು ಪ್ರಕಟಿಸಬೇಕು. ಅವಧಿ ಮುಗಿದ ಮೇಲೆ ಅದು ಎಲ್ಲರ ಸೊತ್ತು. ಅಷ್ಟರವರೆಗೆ ಒಡೆಯನ ಒಪ್ಪಿಗೆಯಿಲ್ಲದೆ ಆ ಯಂತ್ರವನ್ನು ಯಾರೂ ಮಾಡಿ ಮಾರುವಂತಿಲ್ಲ. ಮಾರ್ಕೋನಿ ಕಂಪನಿ ಕಟ್ಟಿದರು, ಅಲೆಯನ್ನು ಮೈಲಿಗಟ್ಟಲೆ ದೂರ ಕಳುಹಿಸುವ ಹಟ ತೊಟ್ಟರು. 1901ರ ಡಿಸೆಂಬರ್ 12ರಂದು ಅಟ್ಲಾಂಟಿಕ್ ಸಾಗರದಾಚೆಗೆ ಸಂಕೇತ ತಲುಪಿತೆಂದು ಸಾರಿದರು. 1909ರಲ್ಲಿ ಬ್ರೌನ್ ಎಂಬ ಜರ್ಮನ್ ವಿಜ್ಞಾನಿಯೊಡನೆ ನೊಬೆಲ್ ಬಹುಮಾನ ಪಡೆದರು. ಅವರ ಸಾಹಸ ಸಣ್ಣದಲ್ಲ.

ಆದರೆ ಆ ಸಾಗರದಾಚೆಯ ಸಂಕೇತವನ್ನು ಹಿಡಿದ ಉಪಕರಣ ಯಾವುದು? ಹಿಂದಿನ ಗ್ರಾಹಕಗಳಲ್ಲಿ ಕಬ್ಬಿಣದ ಅರದ ಪುಡಿ ಇರುತ್ತಿತ್ತು. ಅಲೆ ಬಂದೊಡನೆ ಪುಡಿ ಅಂಟಿಕೊಳ್ಳುವುದು. ಮುಂದಿನ ಸಂಕೇತ ಹಿಡಿಯಬೇಕಾದರೆ ಅದನ್ನು ತಟ್ಟಿ ಬಿಡಿಸಬೇಕು. ತಟ್ಟದೆ ತಾನಾಗಿ ಮೊದಲಿನ ಸ್ಥಿತಿಗೆ ಬರುವ ಗ್ರಾಹಕವನ್ನು ಬೋಸರು ಮಾಡಿ, 1899ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ವಿವರ ಬರೆದಿದ್ದರು. 1901ರಲ್ಲಿ ಮಾರ್ಕೋನಿ ಬಳಸಿದ ಪಾದರಸದ ಗ್ರಾಹಕದ ಮೂಲ ಬೋಸರ ಈ ಲೇಖನವೇ ಎಂದು 1998ರಲ್ಲಿ ಒಬ್ಬ ಇಂಜಿನಿಯರರು ದಾಖಲೆಗಳೊಡನೆ ವಾದಿಸಿದರು. ಪಂಡಿತರಲ್ಲಿ ಈ ಬಗ್ಗೆ ಚರ್ಚೆಯಿದೆ. ನಾವು ಮಾರ್ಕೋನಿಯನ್ನು ಕಳ್ಳನೆಂದು ಕರೆಯಲಾರೆವು. ಒಬ್ಬರು ಬಾವಿ ತೋಡಿದರು, ಇನ್ನೊಬ್ಬರು ನೀರನ್ನು ಊರಿಗೆ ಹರಿಸಿದರು. ಊರು ಇಬ್ಬರನ್ನೂ ನೆನೆಯಬೇಕು.

1901ರ ಮೇ ತಿಂಗಳಿನ ಒಂದು ಘಟನೆಯನ್ನು ಇಲ್ಲಿ ಹೇಳಲೇಬೇಕು. ಬೋಸರು ಲಂಡನ್ನಿನಲ್ಲಿ ಉಪನ್ಯಾಸ ಕೊಡುವುದರಲ್ಲಿದ್ದರು. ಕೋಟ್ಯಧೀಶನಾದ ತಂತಿ ಕಂಪನಿಯೊಂದರ ಮಾಲೀಕ ಪೇಟೆಂಟಿನ ಅರ್ಜಿ ಹಿಡಿದು ಅವರಲ್ಲಿಗೆ ಬಂದ. ವಿಷಯವನ್ನೆಲ್ಲ ಸಭೆಯಲ್ಲಿ ಹೇಳಿಬಿಡಬೇಡಿ, ಹಣ ನಾನು ಹಾಕುತ್ತೇನೆ, ಲಾಭದಲ್ಲಿ ಅರ್ಧ ನಿಮ್ಮದು ಎಂಬುದು ಅವನ ಕೋರಿಕೆ. ಬೋಸರು ಒಪ್ಪಲಿಲ್ಲ. ಅಷ್ಟು ಸಿರಿವಂತನಾದವನು ಇನ್ನಷ್ಟು ಲಾಭಕ್ಕಾಗಿ ಹಾಗೆ ಹಂಬಲಿಸುವುದನ್ನು ಕಂಡು ಅವರಿಗೆ ಭಯವಾಯಿತು. ಹಣದ ಆ ಸುಳಿಗೆ ತಾವೂ ಸಿಕ್ಕಿದರೆ ಹೊರಬರುವ ದಾರಿಯಿಲ್ಲವೆಂದು ಗೆಳೆಯ ರವೀಂದ್ರನಾಥ ಠಾಕೂರರಿಗೆ ಪತ್ರದಲ್ಲಿ ತಿಳಿಸಿದರು.

ಆದರೆ ಅವರ ಹಿತೈಷಿಗಳು ಸುಮ್ಮನಿರಲಿಲ್ಲ. ಸೋದರಿ ನಿವೇದಿತಾ ಮತ್ತು ಅಮೆರಿಕದ ಸಾರಾ ಬುಲ್ ಎಂಬ ಮಹಿಳೆ ಪೇಟೆಂಟಿಗೆ ಒತ್ತಾಯಿಸಿದರು. ಅವರ ಮಾತಿಗೆ ಮಣಿದು 1901ರ ಸೆಪ್ಟೆಂಬರ್ 30ರಂದು ಅಮೆರಿಕದಲ್ಲಿ ಅರ್ಜಿ ಹೋಯಿತು. 1904ರ ಮಾರ್ಚ್ 29ರಂದು 7,55,840ನೆಯ ಸಂಖ್ಯೆಯ ಪೇಟೆಂಟು ಬಂತು. ಅರ್ಧ ಹಕ್ಕು ಸಾರಾ ಬುಲ್ ಅವರ ಹೆಸರಿನಲ್ಲಿತ್ತು. ಆ ಪೇಟೆಂಟಿನ ವಸ್ತು ಒಂದು ಸಣ್ಣ ಹರಳು. ಸೀಸದ ಅದಿರಾದ ಗ್ಯಾಲಿನಾ ಹರಳಿಗೆ ಲೋಹದ ಮೊನೆ ತಾಗಿಸಿಟ್ಟರೆ, ಅಲೆ ತಾಕಿದೊಡನೆ ಅದರಲ್ಲಿ ವಿದ್ಯುತ್ತಿನ ಹರಿವು ಬದಲಾಗುತ್ತದೆ. ಅಲೆ ನಿಂತರೆ ಮೊದಲಿನಂತಾಗುತ್ತದೆ. ಅರೆವಾಹಕ ವಸ್ತುವನ್ನು ಬಳಸಿದ ಉಪಕರಣಗಳಿಗೆ ದೊರೆತ ಮೊತ್ತಮೊದಲ ಪೇಟೆಂಟು ಇದೇ ಎನ್ನುತ್ತಾರೆ. ಟ್ರಾನ್ಸಿಸ್ಟರನ್ನು 1947ರಲ್ಲಿ ಕಂಡುಹಿಡಿದವರಲ್ಲಿ ಒಬ್ಬರಾದ ಬ್ರಾಟೈನ್ ಅವರೂ, ಅರೆವಾಹಕ ಹರಳಿನಿಂದ ರೇಡಿಯೋ ಅಲೆ ಹಿಡಿದವರಲ್ಲಿ ಬೋಸರೇ ಮೊದಲಿಗರೆಂದು ಮುಂದೆ ಒಪ್ಪಿಕೊಂಡರು. 1920ರ ದಶಕದಲ್ಲಿ ಬ್ಯಾಟರಿಯ ಹಂಗಿಲ್ಲದೆ ಮನೆಮನೆಯಲ್ಲಿ ಹಾಡು ಕೇಳಿಸಿದ ಹರಳಿನ ರೇಡಿಯೋಗಳ ಒಳಗಿದ್ದುದೂ ಹೆಚ್ಚಾಗಿ ಇಂತಹ ಗ್ಯಾಲಿನಾ ಹರಳೇ.

ಇಷ್ಟಾದರೂ ಬೋಸರು ಆ ಹಕ್ಕಿನಿಂದ ಹಣ ಮಾಡಲು ಹೋಗಲಿಲ್ಲ. ಪೇಟೆಂಟು ಅವಧಿ ತೀರಿ ಬಿದ್ದುಹೋಯಿತು. ಅವರ ಮನಸ್ಸು ಅಷ್ಟರಲ್ಲಿ ಗಿಡಗಳ ಕಡೆಗೆ ಹೊರಳಿತ್ತು. ಸಸಿಯ ಬೆಳವಣಿಗೆಯನ್ನು ಸಾವಿರಾರು ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ಎಂಬ ಯಂತ್ರ ಮಾಡಿದರು. ಗಿಡಕ್ಕೂ ಪೆಟ್ಟು, ವಿಷ, ಶಾಖ ತಾಗಿದರೆ ಅದು ಪ್ರತಿಕ್ರಿಯೆ ತೋರುತ್ತದೆಂದು ಪ್ರಯೋಗಗಳಿಂದ ತೋರಿಸಿದರು. ಹಲವು ಶರೀರಶಾಸ್ತ್ರಜ್ಞರು ಇದನ್ನು ಬಹುಕಾಲ ಒಪ್ಪಲಿಲ್ಲ. ಆದರೂ ದುಡಿಮೆ ನಿಲ್ಲಲಿಲ್ಲ. 1920ರಲ್ಲಿ ಅವರು ರಾಯಲ್ ಸೊಸೈಟಿಯ ಸದಸ್ಯರಾದರು.

ನಿವೃತ್ತರಾದ ಮೇಲೆ, 1917ರ ನವೆಂಬರ್ 30ರಂದು, ತಮ್ಮ 59ನೆಯ ಹುಟ್ಟುಹಬ್ಬದ ದಿನ, ಕಲ್ಕತ್ತೆಯಲ್ಲಿ ಬೋಸ್ ವಿಜ್ಞಾನ ಮಂದಿರವನ್ನು ನಾಡಿಗೆ ಅರ್ಪಿಸಿದರು. ಅದರ ಲಾಂಛನ ವಜ್ರಾಯುಧ. ಲೋಕಹಿತಕ್ಕಾಗಿ ತನ್ನ ಬೆನ್ನೆಲುಬನ್ನೇ ಕೊಟ್ಟ ದಧೀಚಿ ಋಷಿಯ ಕಥೆ ನಮ್ಮ ಮಕ್ಕಳಿಗೆ ತಿಳಿದೇ ಇದೆ. ಅಲ್ಲಿ ಕಂಡುಹಿಡಿದದ್ದೆಲ್ಲ ಸಾರ್ವಜನಿಕರ ಸೊತ್ತು, ಯಾವುದಕ್ಕೂ ಪೇಟೆಂಟು ತೆಗೆದುಕೊಳ್ಳುವುದಿಲ್ಲವೆಂದು ಅಂದೇ ಸಾರಿದರು.

ಇಷ್ಟು ದೊಡ್ಡ ವಿಜ್ಞಾನಿ ತಾಯ್ನುಡಿಯನ್ನು ಬಿಡಲಿಲ್ಲ. ಅದೃಶ್ಯ ಬೆಳಕಿನ ಮೇಲೆ ಬಂಗಾಳಿಯಲ್ಲಿ ಪ್ರಬಂಧ ಬರೆದರು. 1896ರಲ್ಲಿ ಒಂದು ಕಥೆಯನ್ನೂ ಬರೆದರು. ಅದರಲ್ಲಿ ಒಂದು ಸೀಸೆ ತಲೆಗೂದಲ ಎಣ್ಣೆ ಕಡಲಿನ ಬಿರುಗಾಳಿಯನ್ನೇ ಅಡಗಿಸಿಬಿಡುತ್ತದೆ! 1921ರಲ್ಲಿ ಅವರ ಬಂಗಾಳಿ ಬರಹಗಳು ‘ಅವ್ಯಕ್ತ’ ಎಂಬ ಪುಸ್ತಕವಾಗಿ ಬಂದವು. ಸತ್ಯೇಂದ್ರನಾಥ ಬೋಸ್, ಮೇಘನಾದ ಸಹಾ ಮೊದಲಾದ ಶಿಷ್ಯರು ಅವರ ಕೈಯಲ್ಲಿ ಕಲಿತು ಲೋಕಪ್ರಸಿದ್ಧರಾದರು. 1937ರ ನವೆಂಬರ್ 23ರಂದು ಗಿರಿಡಿಯಲ್ಲಿ ಬೋಸರು ಕಾಲವಾದರು. ಅಬಲಾದೇವಿಯವರು 1951ರವರೆಗೆ ಬದುಕಿ, ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕಾಗಿ ದುಡಿದರು.

ಅವರು ಬಿತ್ತಿದ ಬೀಜ ನಮ್ಮ ನಾಡಿನವರೆಗೂ ಹಬ್ಬಿತು. ಬೋಸರು ತೀರಿಕೊಳ್ಳುವುದಕ್ಕೆ ಎರಡು ವರ್ಷ ಮೊದಲು, 1935ರ ಸೆಪ್ಟೆಂಬರ್ 10ರಂದು, ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಪ್ರಾರಂಭಿಸಿದರು. ಅದಕ್ಕಿಟ್ಟ ಆಕಾಶವಾಣಿ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಬೋಸರ ಪುಟ್ಟ ಅಲೆಗಳನ್ನು ಲೋಕ ಬಹುಕಾಲ ಮರೆತಿತ್ತು; ದೂರ ಹೋಗಲು ಉದ್ದದ ಅಲೆಗಳೇ ಅನುಕೂಲವಾಗಿದ್ದವು. ಈಗ ಕಾಲಚಕ್ರ ಒಂದು ಸುತ್ತು ತಿರುಗಿದೆ. 2012ರಲ್ಲಿ ಅಂತರರಾಷ್ಟ್ರೀಯ ಇಂಜಿನಿಯರುಗಳ ಸಂಸ್ಥೆಯೊಂದು ಬೋಸರ ಪ್ರಯೋಗಗಳಿಗೆ ಮೈಲಿಗಲ್ಲಿನ ಗೌರವ ಕೊಟ್ಟಿತು. 2022ರಲ್ಲಿ ನಮ್ಮ ದೇಶದಲ್ಲಿ ಐದನೆಯ ತಲೆಮಾರಿನ ಮೊಬೈಲಿಗಾಗಿ ಹರಾಜಾದ ಅಲೆಗಳಲ್ಲಿ 26 ಗಿಗಾಹರ್ಟ್ಸ್ ಅಲೆಗಳೂ ಇದ್ದವು. ಅವುಗಳ ಉದ್ದ ಸುಮಾರು ಹನ್ನೊಂದೂವರೆ ಮಿಲಿಮೀಟರು. ಸ್ನಾನದ ಮನೆಯ ಪಕ್ಕದ ಕೋಣೆಯಲ್ಲಿ ಬೋಸರು ಅಳೆದ ಅಲೆಗಳ ಸಾಲಿಗೇ ಸೇರಿದ್ದು.

ಬೋಸರು ಹಕ್ಕನ್ನು ಬಿಟ್ಟುಕೊಟ್ಟದ್ದು ಸರಿಯೇ? ಒಮ್ಮೆ ಯೋಚಿಸಿದರೆ ಸರಿ ಎನಿಸುತ್ತದೆ. ಗುರು ತಾನು ಕಲಿಸಿದ ಪಾಠಕ್ಕೆ ಬೀಗ ಹಾಕುವನೇ? ಇನ್ನೊಮ್ಮೆ ಯೋಚಿಸಿದರೆ, ಆ ಹಣ ಬಂದಿದ್ದರೆ ವಿಜ್ಞಾನ ಮಂದಿರಕ್ಕೆ, ಬಡ ವಿದ್ಯಾರ್ಥಿಗಳಿಗೆ ಎಷ್ಟು ಆಸರೆಯಾಗುತ್ತಿತ್ತು ಎನಿಸುತ್ತದೆ. ಅಷ್ಟೇ ಅಲ್ಲ, ಕಾಗದದಲ್ಲಿ ಹೆಸರು ಗಟ್ಟಿಯಾಗಿ ನಿಂತಿದ್ದರೆ ನಮ್ಮ ಮಕ್ಕಳು ಇಂದು ಒಂದೇ ಹೆಸರು ಹೇಳುತ್ತಿರಲಿಲ್ಲ. ಬೋಸರ ದಾರಿ ಎಲ್ಲರಿಗೂ ಸಾಧ್ಯವಾಗಲಿಕ್ಕಿಲ್ಲ. ನಾಳೆ ನಮ್ಮ ಶಾಲೆಯ ಮಗುವೊಂದು ಹೊಸ ಯಂತ್ರ ಮಾಡಿದರೆ ಪೇಟೆಂಟು ಪಡೆಯಲಿ, ಅದರ ಫಲವನ್ನೂ ಉಣ್ಣಲಿ. ಆ ಫಲದಲ್ಲಿ ಊರಿಗೊಂದು ಪಾಲು ಇಡಲಿ ಎಂಬುದೇ ನಮ್ಮ ಆಸೆ. ಸಂಬಳದ ವಿಷಯದಲ್ಲಿ ಮೂರು ವರ್ಷ ಹಟ ಹಿಡಿದವರೂ, ಲಾಭದ ವಿಷಯದಲ್ಲಿ ಕೈ ಚಾಚದವರೂ ಒಬ್ಬರೇ ಎಂಬುದನ್ನು ಮಕ್ಕಳು ಗಮನಿಸಬೇಕು. ಮೊದಲನೆಯದು ಮಾನದ ಪ್ರಶ್ನೆ, ಎರಡನೆಯದು ಆಸೆಯ ಪ್ರಶ್ನೆ. ಇವೆರಡನ್ನೂ ಬೇರೆ ಮಾಡಿ ನೋಡುವ ವಿವೇಕ ಅವರಿಗಿತ್ತು.

ಕೊನೆಯದಾಗಿ ತಂದೆತಾಯಿಗಳಲ್ಲಿ ಒಂದು ಮಾತು. ಪ್ರತಿ ಜೂನ್ ತಿಂಗಳಿನಲ್ಲಿ ನಮ್ಮ ಬಾಗಿಲಿಗೆ ಬಂದು, ಕನ್ನಡದಲ್ಲಿ ಓದಿದರೆ ಮಗು ಹಿಂದೆ ಬೀಳುವುದಿಲ್ಲವೇ ಮೇಷ್ಟ್ರೇ ಎಂದು ನೀವು ಕೇಳುತ್ತೀರಿ. ಗಡಿಯಲ್ಲಿರುವ ನಮಗೆ ಆ ಆತಂಕ ಅರ್ಥವಾಗುತ್ತದೆ. ತೆಲುಗು ಬೇಕು, ಇಂಗ್ಲಿಷೂ ಬೇಕು. ಅದಕ್ಕಾಗಿ ಪಡಬೇಕಾದ ಕಷ್ಟ ಬೋಸರಿಗೂ ತಪ್ಪಲಿಲ್ಲ. ಆದರೆ ಬೆಸ್ತರ ಹುಡುಗನ ಪಕ್ಕದಲ್ಲಿ ಕುಳಿತು ತನ್ನ ಮಾತಿನಲ್ಲಿ ಲೋಕವನ್ನು ಕಂಡ ಮಗುವೇ ಮುಂದೆ ಕಾಣದ ಬೆಳಕನ್ನು ಕಂಡಿತು. ಮುಂದಿನ ಶ್ರಾವಣದಲ್ಲಿ ಜಾತ್ರೆಯ ನಡುವೆ ಫೋನು ಕಿವಿಗಿಟ್ಟಾಗ ನಮ್ಮ ಮಕ್ಕಳು ಆ ಪುಟ್ಟ ಕೋಣೆಯನ್ನು ಒಮ್ಮೆ ನೆನೆಯಲಿ, ತಾವೂ ಒಂದು ಪ್ರಶ್ನೆ ಹಿಡಿದು ಹೊರಡಲಿ ಎಂದು ಮನಸಾರೆ ಹಾರೈಸುತ್ತೇವೆ.